ನೀರಿನ ಮೇಲೊಂದು ಊರು

ಹಡಗು ಎಂಬ ಶಬ್ದ ಕನ್ನಡದಲ್ಲಿ ಬಹು ಹಳೆಯದು. ಹಳಗನ್ನಡದಲ್ಲಿ ಅದು ‘ಪಡಗು’. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಡಗು ಹಡಗಾಯಿತು. ತಮಿಳಿನವರು ಈಗಲೂ ‘ಪಡಗು’ ಎಂದೇ ಅನ್ನುತ್ತಾರೆ. ತುಳುವಿನಲ್ಲಿ ಅದು ‘ಪಡವು’. ಸಂಸ್ಕೃತದಿಂದ ಬಂದ ನಾವೆ, ವಹಿತ್ರದಿಂದಾದ ಬೈತ್ರ, ಇವೂ ನಮ್ಮ ನಿಘಂಟುಗಳಲ್ಲಿವೆ. ಇಷ್ಟೊಂದು ಹೆಸರುಗಳಿರುವ ಈ ವಸ್ತುವನ್ನು ನಮ್ಮ ಕಡೂರು, ಬೀರೂರು, ಅಜ್ಜಂಪುರದ ಸೀಮೆಯವರಲ್ಲಿ ಅನೇಕರು ಕಣ್ಣಾರೆ ಕಂಡಿಲ್ಲ. ನಮಗೆ ನೀರೆಂದರೆ ಕೆರೆ: ಅಯ್ಯನಕೆರೆ, ಮದಗದಕೆರೆ. ಹೊಳೆಯೆಂದರೆ ವೇದಾವತಿ. ಮಳೆ ಕೈಕೊಟ್ಟ ವರ್ಷ ಆ ಹೊಳೆಯಲ್ಲಿ ಹಡಗಿರಲಿ, ಕಾಗದದ ದೋಣಿ ತೇಲಿಸುವುದೂ ಕಷ್ಟ.

ಆದರೂ ಕಡಲಿಗೂ ನಮ್ಮ ಜಿಲ್ಲೆಗೂ ನಂಟಿಲ್ಲವೆಂದು ತಿಳಿಯಬೇಡಿ. ಚಿಕ್ಕಮಗಳೂರಿನ ಕಾಫಿ ಕಡಲು ದಾಟಿಯೇ ಪರದೇಶಗಳನ್ನು ಸೇರುತ್ತದೆ. ಕುದುರೆಮುಖದ ಕಬ್ಬಿಣದ ಅದಿರು, ೨೦೦೫ರ ಕೊನೆಯಲ್ಲಿ ಅಲ್ಲಿಯ ಗಣಿ ನಿಲ್ಲುವವರೆಗೂ, ನೀರಿನಲ್ಲಿ ಕಲಸಿದ ರಾಡಿಯಾಗಿ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುತ್ತಿತ್ತು. ಅದೇ ಬಂದರಿಗೆ ಅದಿರಿನ ಹಡಗಲ್ಲದ, ಎಣ್ಣೆಯ ಹಡಗಲ್ಲದ, ಬೇರೊಂದು ಜಾತಿಯ ಹಡಗುಗಳೂ ಬರುತ್ತವೆ. ಅವು ವಿಹಾರನೌಕೆಗಳು. ಅವುಗಳಲ್ಲಿ ಒಂದರ ಚರಿತ್ರೆಯನ್ನೂ ಅದರ ರಚನೆಯನ್ನೂ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಬಂದರಿನ ಮಾತು. ಮಂಗಳೂರಿನ ಹಳೆಯ ಬಂದರು ಹೊಳೆಯ ಬಾಯಲ್ಲಿರುವಂಥದು. ಅಲ್ಲಿ ಆಳ ಸಾಲದು. ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲಬೇಕಾಗಿತ್ತು. ಜನವನ್ನೂ ಸರಕನ್ನೂ ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಮಳೆಗಾಲ ಬಂತೆಂದರೆ ಆ ಕೆಲಸವೂ ನಿಲ್ಲುತ್ತಿತ್ತು. ಈ ತೊಡಕನ್ನು ಕಳೆಯಲು ಪಣಂಬೂರಿನಲ್ಲಿ ನೆಲವನ್ನು ತೋಡಿ, ಕಡಲಿನ ನೀರನ್ನು ಒಳಕ್ಕೆ ಬರಮಾಡಿಕೊಂಡು, ಬಾಯಿಯ ಎರಡು ಮಗ್ಗುಲಿಗೂ ಅಲೆ ತಡೆಯುವ ಕಲ್ಲುದಿಬ್ಬಗಳನ್ನು ಚಾಚಿ ಹೊಸ ಬಂದರನ್ನು ಕಟ್ಟಿದರು. ೧೯೭೪ರ ಮೇ ೪ರಂದು ಅದನ್ನು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿಸಲಾಯಿತು. ಮರುವರ್ಷದ ಜನವರಿ ೧೧ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಪಡುವಣ ಕರಾವಳಿಗೆ ದೊಡ್ಡ ಹಡಗುಗಳು ಬರುವುದು ಹೊಸ ಸಂಗತಿಯೇನಲ್ಲ. ಮೊರಾಕೋ ದೇಶದ ಯಾತ್ರಿಕ ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದಲ್ಲಿ ಈ ತೀರವನ್ನು ಅನುಸರಿಸಿ, ಮಂಗಳೂರನ್ನೂ ಕಂಡು, ಕಲ್ಲಿಕೋಟೆಯನ್ನು ಮುಟ್ಟಿದ. ಅಲ್ಲಿ ಚೀನೀಯರ ಮಹಾನೌಕೆಗಳನ್ನು ನೋಡಿ ಬೆರಗಾದ. ಒಂದೊಂದರಲ್ಲಿ ಸಾವಿರ ಜನ, ನಾಲ್ಕು ಅಂತಸ್ತು, ವರ್ತಕರು ಸಂಸಾರಸಮೇತ ಬೀಗ ಹಾಕಿಕೊಂಡು ಇರಬಹುದಾದ ಕೋಣೆಗಳು ಇದ್ದುವೆಂದು ಆತ ಬರೆದಿದ್ದಾನೆ. ಖಲಾಸಿಗಳು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿಗಳನ್ನು ಬೆಳೆದುಕೊಳ್ಳುತ್ತಿದ್ದರಂತೆ. ಹಡಗೆಂದರೆ ನೀರಿನ ಮೇಲಿನ ಊರು ಎಂಬ ಭಾವನೆ ಅಂದೇ ಇತ್ತು. ಆ ಊರಿನ ಅಪಾಯವೂ ಆತನಿಗೆ ಅಲ್ಲಿಯೇ ತಿಳಿಯಿತು. ಅವನು ಹತ್ತಬೇಕಾಗಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಅಪ್ಪಳಿಸಿ ಒಡೆಯಿತು. ದಡದಲ್ಲಿಯೇ ಉಳಿದಿದ್ದುದರಿಂದ ಆತ ಬದುಕಿದ.

ಅವು ವ್ಯಾಪಾರದ ಹಡಗುಗಳು. ಒಂದು ಊರನ್ನು ಸೇರುವ ಉದ್ದೇಶವಿಲ್ಲದೆ, ಬರಿಯ ಪ್ರಯಾಣದ ಸುಖಕ್ಕಾಗಿಯೇ ಹಡಗು ಹತ್ತುವ ವಾಡಿಕೆ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವವರು ಕಡಿಮೆಯಾಗಿ ಹಡಗುಗಳು ಕೆಲಸವಿಲ್ಲದೆ ನಿಲ್ಲುವುದನ್ನು ಕಂಡು, ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಕಂಪನಿ ೧೮೯೧ರಲ್ಲಿ ತನ್ನ ಆಗಸ್ಟಾ ವಿಕ್ಟೋರಿಯಾ ಹಡಗನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿತು. ಅದೇ ಕಂಪನಿ ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ನೌಕೆ, ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ, ೧೯೦೧ರಲ್ಲಿ ಕಡಲಿಗೆ ಹೊರಟಿತು. ೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕನ್ನು ಕೆಲವೇ ಗಂಟೆಗಳಲ್ಲಿ ದಾಟತೊಡಗಿದ ಮೇಲೆ, ಜನರನ್ನು ದಡದಿಂದ ದಡಕ್ಕೆ ಮುಟ್ಟಿಸುವ ಕೆಲಸ ಹಡಗುಗಳ ಕೈತಪ್ಪಿತು. ಅವುಗಳಿಗೆ ಉಳಿದದ್ದು ವಿಹಾರವೇ. ಹೋಗಿ ಸೇರುವುದು ಮುಖ್ಯವಲ್ಲ, ಹೋಗುತ್ತಿರುವುದೇ ಮುಖ್ಯ ಎಂಬುದು ಈ ಯಾನದ ತತ್ತ್ವ.

ಇನ್ನು ನಾನು ಹೇಳಹೊರಟ ಹಡಗಿನ ಜಾತಕಕ್ಕೆ ಬರೋಣ. ಇಟಲಿಯ ಜಿನೋವಾ ನಗರದಲ್ಲಿ ಜಾಕೊಮೊ ಕೋಸ್ತಾ ಎಂಬ ವರ್ತಕ ೧೮೫೪ರಲ್ಲಿ ಒಂದು ವ್ಯಾಪಾರದ ಮನೆಯನ್ನು ತೆರೆದ. ಆಲಿವ್ ಎಣ್ಣೆ ಮತ್ತು ಬಟ್ಟೆ ಅವನ ವ್ಯಾಪಾರ. ಎಣ್ಣೆ ಸಾಗಿಸಲು ಹಡಗು ಬೇಕಾಯಿತು. ಹಡಗಿನ ಬೆನ್ನಿಗೆ ಪ್ರಯಾಣಿಕರೂ ಬಂದರು. ೧೯೪೮ರಲ್ಲಿ ಆ ಮನೆತನದವರು ಆನ್ನಾ ಸಿ ಎಂಬ ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಜನಸಂಚಾರ ಆರಂಭಿಸಿದರು. ಅದೇ ಕಂಪನಿಗಾಗಿ ವೆನಿಸ್ ನಗರದ ಮಗ್ಗುಲಿನ ಮಾರ್ಗೆರಾ ಎಂಬ ಹಡಗುಕಟ್ಟೆಯಲ್ಲಿ ೧೯೯೧ರಲ್ಲಿ ಸಿದ್ಧವಾದದ್ದು ಕೋಸ್ತಾ ಕ್ಲಾಸಿಕಾ. ೧೯೯೨ರ ಜನವರಿಯಲ್ಲಿ ಅದು ಮೊದಲ ಯಾನಕ್ಕೆ ಹೊರಟಿತು.

ಆ ಹಡಗಿನ ಆಯುಸ್ಸಿನಲ್ಲಿ ಒಂದು ವಿಚಿತ್ರ ಪ್ರಸಂಗ ನಡೆಯಿತು. ಸಂಸಾರ ಬೆಳೆದಾಗ ನಮ್ಮಲ್ಲಿ ಮನೆಗೆ ಇನ್ನೊಂದು ಅಂಕಣ ಹಾಕಿಸುವುದಿಲ್ಲವೆ? ಹಾಗೆಯೇ ಹಡಗಿಗೂ ಅಂಕಣ ಹಾಕಿಸುವುದುಂಟು. ಹಡಗನ್ನು ನಡುವೆ ಅಡ್ಡಲಾಗಿ ಕೊಯ್ದು, ಎರಡು ತುಂಡುಗಳನ್ನು ದೂರ ಸರಿಸಿ, ಬೇರೆಯಾಗಿ ಕಟ್ಟಿಟ್ಟ ಹೊಸ ತುಂಡನ್ನು ನಡುವೆ ಸೇರಿಸಿ ಬೆಸೆಯುತ್ತಾರೆ. ಇಂಗ್ಲೆಂಡಿನ ಬರ್ಕನ್‌ಹೆಡ್ ಹಡಗುಕಟ್ಟೆಯಲ್ಲಿ ಈ ಹಡಗಿಗಾಗಿ ಸುಮಾರು ೪೫ ಮೀಟರು ಉದ್ದದ ನಡುತುಂಡನ್ನು ಕಟ್ಟಲಾಯಿತು. ೨೦೦೦ದ ನವೆಂಬರಿನಲ್ಲಿ, ಹಡಗು ಇಂಗ್ಲೆಂಡಿನ ದಾರಿಯಲ್ಲಿರುವಾಗಲೇ, ಕರಾರು ಮುರಿದು ಕಂಪನಿ ಅದನ್ನು ಹಿಂದಕ್ಕೆ ಕರೆಸಿಕೊಂಡಿತು. ಇಬ್ಬರಿಗೂ ವ್ಯಾಜ್ಯವಾಯಿತು. ಮರುವರ್ಷ ಆ ಹಡಗುಕಟ್ಟೆಯ ಸಂಸ್ಥೆ ದಿವಾಳಿಯ ಅಂಚಿಗೆ ಬಂದು ಆಡಳಿತ ಪರರ ವಶವಾಯಿತು. ಕಟ್ಟಿದ ನಡುತುಂಡು ಯಾವ ಹಡಗನ್ನೂ ಸೇರಲಿಲ್ಲ. ಒಂದು ಅಂಕಣದ ವ್ಯವಹಾರ ಎಷ್ಟು ಕೂಲಿಗಾರರ ಅನ್ನಕ್ಕೆ ಸಂಬಂಧಿಸಿರುತ್ತದೆ, ನೋಡಿ.

ಹಡಗು ತನ್ನ ಹಳೆಯ ಅಳತೆಯಲ್ಲಿಯೇ ಉಳಿಯಿತು. ೨೦೧೪ರಲ್ಲಿ ಅದಕ್ಕೆ ಕೋಸ್ತಾ ನಿಯೋ ಕ್ಲಾಸಿಕಾ ಎಂದು ಹೊಸ ಹೆಸರಿಟ್ಟರು. ೨೦೧೬ರ ಡಿಸೆಂಬರಿನಿಂದ ಅದು ಮುಂಬಯಿಯನ್ನು ಚಳಿಗಾಲದ ನೆಲೆ ಮಾಡಿಕೊಂಡು ಗೋವೆಯ ಮುರಗಾಂವ್, ಮಂಗಳೂರು, ಕೊಚ್ಚಿಗಳ ದಾರಿಯಾಗಿ ಮಾಲ್ಡೀವ್ ದ್ವೀಪಗಳಿಗೆ ಯಾನ ಮಾಡಿತು. ಹೀಗೆ ವೆನಿಸಿನ ಹಡಗು ಪಣಂಬೂರಿಗೆ ಬಂತು. ವಿಹಾರನೌಕೆಗಳು ಇಲ್ಲಿ ಬೆಳಿಗ್ಗೆ ಬಂದು ಸಂಜೆಗೆ ಹೊರಡುವುದೇ ವಾಡಿಕೆ. ಆ ಹಗಲಿನಲ್ಲಿ ಪ್ರವಾಸಿಗಳು ಕದ್ರಿ, ಕುದ್ರೋಳಿ ದೇವಸ್ಥಾನಗಳನ್ನೂ, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ, ೧೪೩೨ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಗೊಮ್ಮಟನನ್ನೂ ನೋಡಿ ಬರುತ್ತಾರೆ.

ಈ ಹಡಗಿನ ಗಾತ್ರವನ್ನು ಕಡಲು ಕಾಣದ ನಾವು ಊಹಿಸುವುದು ಹೇಗೆ? ಕಡೂರಿನ ರೈಲು ನಿಲ್ದಾಣಕ್ಕೆ ಬನ್ನಿ. ಅದರ ಉದ್ದ ಸುಮಾರು ೨೨೦ ಮೀಟರು. ಎಂದರೆ ಒಂದರ ಹಿಂದೊಂದು ನಿಂತ ಹತ್ತು ರೈಲುಬೋಗಿಗಳಷ್ಟು. ಅಗಲ ಸುಮಾರು ೩೧ ಮೀಟರು; ಒಂಬತ್ತು ಬೋಗಿಗಳನ್ನು ಪಕ್ಕಪಕ್ಕದಲ್ಲಿ ಒತ್ತಿ ನಿಲ್ಲಿಸಿದಷ್ಟು. ಇದರ ಮೇಲೆ ಹತ್ತಾರು ಅಂತಸ್ತುಗಳನ್ನು ಎಬ್ಬಿಸಿದ್ದಾರೆ. ಕೋಣೆಗೆ ಇಬ್ಬರಂತೆ ೧,೩೦೦ ಜನ, ತುಂಬಿದಾಗ ೧,೬೦೦ಕ್ಕೂ ಹೆಚ್ಚು ಪ್ರವಾಸಿಗಳು, ಜೊತೆಗೆ ಸುಮಾರು ೬೦೦ ಜನ ಸಿಬ್ಬಂದಿ. ನಾಟಕಶಾಲೆ, ಊಟದ ಮಂದಿರ, ಈಜುಕೊಳ, ಅಂಗಡಿ, ಆಸ್ಪತ್ರೆ ಎಲ್ಲವೂ ಉಂಟು. ಎಲ್ಲಕ್ಕೂ ಮೇಲೆ ಸುತ್ತಲೂ ಗಾಜು ಹಾಕಿದ ಒಂದು ದುಂಡು ಮಂದಿರ.

ಇದರ ಪ್ರಮಾಣವನ್ನು ಹೇಳುವಾಗ ೫೩,೦೦೦ ಟನ್ ಎನ್ನುತ್ತಾರೆ. ಇದು ತೂಕವೆಂದು ಭ್ರಮಿಸುವವರು ಬಹಳ. ಹಿಂದೆ ಯೂರೋಪಿನಲ್ಲಿ ಹಡಗಿನಲ್ಲಿ ದ್ರಾಕ್ಷಾರಸದ ಎಷ್ಟು ಪೀಪಾಯಿ ಹಿಡಿಯುತ್ತವೆ ಎಂದು ಲೆಕ್ಕ ಹಾಕುತ್ತಿದ್ದರು. ಆ ಪೀಪಾಯಿಯ ಹೆಸರು ‘ಟನ್’. ಅದೇ ಇಂದು ಹಡಗಿನ ಒಳಜಾಗದ ಅಳತೆಯಾಗಿ ನಿಂತಿದೆ. ಹಿಡಿಯುವ ಬಿತ್ತನೆಯಿಂದ ಗದ್ದೆಯನ್ನು ಖಂಡುಗ, ಹತ್ತು ಖಂಡುಗ ಎಂದು ಅಳೆದ ನಮ್ಮ ರೈತರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಇಷ್ಟು ದೊಡ್ಡ ಕಬ್ಬಿಣದ ರಾಶಿ ತೇಲುವುದೆಂತು? ಹಿತ್ತಾಳೆಯ ಗಟ್ಟಿ ಬಾವಿಯಲ್ಲಿ ಮುಳುಗುತ್ತದೆ. ಅದೇ ಹಿತ್ತಾಳೆಯಿಂದ ಮಾಡಿದ ಬರಿದಾದ ಬಿಂದಿಗೆ ತೇಲುತ್ತದೆ. ಹಡಗು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಿ ಅದರ ಮೇಲೆ ಕೂರುತ್ತದೆ. ಇದು ಆರ್ಕಿಮಿಡೀಸನ ಸೂತ್ರ. ನೀರಿನೊಳಗೆ ಈ ಹಡಗು ಮುಳುಗಿರುವುದು ಕೇವಲ ಏಳೂವರೆ ಮೀಟರಿನಷ್ಟು. ಉಳಿದುದೆಲ್ಲ ನೀರಿನ ಮೇಲೆ. ಭಾರವಾದ ಎಂಜಿನ್ನು, ಎಣ್ಣೆ, ನೀರಿನ ತೊಟ್ಟಿಗಳನ್ನು ತಳದಲ್ಲಿಯೂ ಹಗುರವಾದುದನ್ನು ಮೇಲೆಯೂ ಇಟ್ಟಿರುವುದರಿಂದ ಅದು ಮಗುಚದು. ಇಂಥ ನೌಕೆಗಳ ಮೈಯ ಎರಡು ಕಡೆ ನೀರಿನೊಳಗೆ ಮೀನಿನ ಈಜುರೆಕ್ಕೆಗಳಂಥ ಹಲಗೆಗಳನ್ನು ಚಾಚಿ ಓಲಾಟವನ್ನು ಕಡಿಮೆ ಮಾಡುತ್ತಾರೆ.

ನಮ್ಮ ಬಯಲುಸೀಮೆಯವರ ಮನಸ್ಸನ್ನು ಹೆಚ್ಚು ಸೆಳೆಯತಕ್ಕದ್ದು ಹಡಗಿನ ನೀರಿನ ವ್ಯವಸ್ಥೆ. ಸುತ್ತ ನೀರಿದ್ದರೂ ಕುಡಿಯಲು ಹನಿಯಿಲ್ಲ. ಆದುದರಿಂದ ಉಪ್ಪುನೀರಿನಿಂದ ಸಿಹಿನೀರನ್ನು ಮಾಡಿಕೊಳ್ಳುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗಾಳಿಯ ಒತ್ತಡ ಕಡಿಮೆ. ಅಲ್ಲಿ ನೂರು ಡಿಗ್ರಿ ಮುಟ್ಟುವ ಮೊದಲೇ ನೀರು ಕುದಿಯುತ್ತದೆ. ಒಂದು ಪಾತ್ರೆಯೊಳಗಿನ ಗಾಳಿಯನ್ನು ಇನ್ನೂ ತೆಗೆದರೆ ಇನ್ನೂ ಕಡಿಮೆ ಕಾವಿಗೇ ಕುದಿಯುತ್ತದೆ. ಎಂಜಿನ್ನನ್ನು ತಂಪು ಮಾಡಿ ಬಂದ ಬಿಸಿನೀರಿನ ಕಾವೇ ಅದಕ್ಕೆ ಸಾಕು. ಆ ಆವಿಯನ್ನು ತಣಿಸಿದರೆ ಸಿಹಿನೀರು. ಬಹಳ ಸೂಕ್ಷ್ಮವಾದ ಪೊರೆಯ ಮೂಲಕ ಕಡಲನೀರನ್ನು ಒತ್ತಿ ಉಪ್ಪನ್ನು ಬೇರ್ಪಡಿಸುವ ಕ್ರಮವೂ ಉಂಟು.

ಇಷ್ಟು ಪ್ರಯಾಸದಿಂದ ಪಡೆದ ನೀರನ್ನು ಇಂಥ ನೌಕೆಗಳಲ್ಲಿ ಸಾಮಾನ್ಯವಾಗಿ ತಲೆಗೆ ದಿನಕ್ಕೆ ೨೦೦ ಲೀಟರಿಗೂ ಹೆಚ್ಚಾಗಿ ಬಳಸುತ್ತಾರೆ. ನಮ್ಮ ಹಳ್ಳಿಗಳ ಮನೆಮನೆಗೆ ನಲ್ಲಿಯ ನೀರು ಕೊಡಲು ೨೦೧೯ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಗೊತ್ತುಪಡಿಸಿರುವುದು ತಲೆಗೆ ೫೫ ಲೀಟರು. ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ವಿಹಾರವೆಂದರೇನೆಂದು ತಿಳಿಯುತ್ತದೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಹಡಗಿನವರಿಗೆ ಈ ದಿನ ಎಷ್ಟು ನೀರು ತಯಾರಾಯಿತು, ಎಷ್ಟು ವೆಚ್ಚವಾಯಿತು ಎಂಬುದರ ಲೆಕ್ಕ ಇರುತ್ತದೆ. ನಮ್ಮ ಊರಿನ ಕೆರೆಗೆ ಈ ವರ್ಷ ಎಷ್ಟು ನೀರು ಬಂತು, ಎಷ್ಟು ಹೂಳು ತುಂಬಿತು ಎಂದು ಕೇಳಿದರೆ ಅಂಕಿ ಸಮೇತ ಉತ್ತರ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಹಡಗಿನಲ್ಲಿ ಎರಡು ಊರುಗಳಿವೆ: ಮೇಲಿನ ಊರು, ಕೆಳಗಿನ ಊರು. ಮೇಲೆ ಸಂಗೀತ, ದೀಪ, ಭೋಜನ. ಕೆಳಗೆ ಎಂಜಿನ್ನಿನ ಸದ್ದು, ಅಡುಗೆಯ ಕಾವು, ಬಟ್ಟೆ ಒಗೆಯುವ ಯಂತ್ರಗಳು. ಮೇಲಿನ ಊರಿನವರು ಒಂದು ವಾರ ಇದ್ದು ಹೋಗುತ್ತಾರೆ. ಕೆಳಗಿನ ಊರಿನವರು ತಿಂಗಳುಗಟ್ಟಲೆ ಮನೆ ಬಿಟ್ಟಿರುತ್ತಾರೆ. ಮಂಗಳೂರು, ಉಡುಪಿ, ಗೋವೆಯ ಕಡೆಯ ಎಷ್ಟೋ ತರುಣರು ಇಂಥ ಹಡಗುಗಳಲ್ಲಿ ದುಡಿದು ಮನೆಗೆ ಹಣ ಕಳುಹಿಸುತ್ತಾರೆ. ಇಂಥವರ ದುಡಿಮೆಗೆ ಮಿತಿ ಹಾಕಲು ೨೦೦೬ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ೨೦೧೫ರಲ್ಲಿ ಅದಕ್ಕೆ ಸಹಿ ಹಾಕಿತು. ಅದರಂತೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಹತ್ತು ಗಂಟೆಗೆ ಕಡಿಮೆಯಿಲ್ಲದಂತೆ ವಿಶ್ರಾಂತಿ ಕೊಡಬೇಕು. ಹತ್ತು ಗಂಟೆಯ ವಿಶ್ರಾಂತಿಯೆಂದರೆ ಹದಿನಾಲ್ಕು ಗಂಟೆಯ ದುಡಿಮೆಗೆ ಅವಕಾಶವುಂಟೆಂದೂ ಅರ್ಥವಷ್ಟೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಡಗಿನ ಹಿರಿಮೆ ಅದರ ಗಾತ್ರದಲ್ಲಿಯೂ ಇಲ್ಲ, ಅದರ ಗಾಜಿನ ಮಂದಿರದಲ್ಲಿಯೂ ಇಲ್ಲ. ಅದರಲ್ಲಿರುವ ಪ್ರತಿಯೊಬ್ಬನಿಗೂ ಆಪತ್ತಿನಲ್ಲಿ ಒಂದು ಜಾಗ ಇದೆಯೆ, ಆ ಜಾಗ ಯಾವುದೆಂದು ಅವನಿಗೆ ಗೊತ್ತಿದೆಯೆ ಎಂಬುದರಲ್ಲಿದೆ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಸುಮಾರು ೨,೨೦೦ ಜನರಿದ್ದರು. ರಕ್ಷಣೆಯ ದೋಣಿಗಳಲ್ಲಿ ಜಾಗವಿದ್ದದ್ದು ೧,೧೭೮ ಜನಕ್ಕೆ. ಸುಮಾರು ೧,೫೦೦ ಜನ ಸತ್ತರು. ಆ ಸಾವುಗಳ ಬೆನ್ನಿಗೆ ೧೯೧೪ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಕರಾರು ರೂಪುಗೊಂಡಿತು. ನಮ್ಮ ಕರಾವಳಿಯಲ್ಲಿಯೂ ದುರಂತಗಳು ನಡೆದಿವೆ. ೧೯೪೭ರ ಜುಲೈ ೧೭ರಂದು, ಸ್ವಾತಂತ್ರ್ಯಕ್ಕೆ ಇನ್ನು ತಿಂಗಳೂ ಇಲ್ಲದಿರುವಾಗ, ಮುಂಬಯಿಯಿಂದ ರೇವಸಕ್ಕೆ ಹೊರಟ ರಾಮದಾಸ್ ಎಂಬ ಹಡಗು ಮಳೆಗಾಲದ ಅಲೆಗೆ ಮಗುಚಿ ೬೦೦ಕ್ಕೂ ಹೆಚ್ಚು ಜನ ಮಡಿದರು.

ಕೋಸ್ತಾ ಕ್ಲಾಸಿಕಾದ ಒಡೆಯರದೇ ಇನ್ನೊಂದು ಹಡಗು ಕೋಸ್ತಾ ಕಾಂಕೋರ್ಡಿಯಾ. ಅದು ಕ್ಲಾಸಿಕಾದ ಎರಡರಷ್ಟಕ್ಕೂ ದೊಡ್ಡದು. ೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪಕ್ಕೆ ತೀರ ಹತ್ತಿರ ಬಂದು ಬಂಡೆಗೆ ಬಡಿಯಿತು. ಹಡಗಿನಲ್ಲಿ ೪,೨೦೦ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಆರುನೂರಕ್ಕೂ ಮಿಕ್ಕವರು ಆ ದಿನವೇ ಹತ್ತಿದ್ದರು. ಆಪತ್ತಿನಲ್ಲಿ ಎಲ್ಲಿ ಸೇರಬೇಕೆಂಬುದನ್ನು ಅವರಿಗೆ ಇನ್ನೂ ತೋರಿಸಿಕೊಟ್ಟಿರಲಿಲ್ಲ. ಹತ್ತಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ತೋರಿಸಿದರೆ ಸಾಕೆಂದು ಆಗಿನ ನಿಯಮವಿತ್ತು. ಮೂವತ್ತೆರಡು ಮಂದಿ ಸತ್ತರು. ಎಲ್ಲರೂ ಇಳಿಯುವ ಮೊದಲೇ ಹಡಗನ್ನು ಬಿಟ್ಟುಹೋದ ಕಪ್ತಾನನಿಗೆ ಇಟಲಿಯ ನ್ಯಾಯಾಲಯ ೨೦೧೫ರಲ್ಲಿ ಹದಿನಾರು ವರ್ಷಗಳ ಶಿಕ್ಷೆ ವಿಧಿಸಿತು. ಸತ್ತವರಲ್ಲಿ ಕಟ್ಟಕಡೆಗೆ, ೨೦೧೪ರ ನವೆಂಬರಿನಲ್ಲಿ ಸಿಕ್ಕಿದ ದೇಹ ನಮ್ಮ ದೇಶದ ಒಬ್ಬ ಪರಿಚಾರಕನದು. ಅವನು ಕೆಳಗಿನ ಊರಿನವನು. ಎರಡು ವರ್ಷ ಹತ್ತು ತಿಂಗಳು ಅವನ ಮನೆಯವರು ಕಾದರು.

ಈ ದುರಂತದ ತರುವಾಯ ನಿಯಮ ತಿದ್ದಿದರು. ೨೦೧೫ರ ಜನವರಿ ೧ರಿಂದ, ಹಡಗು ಹೊರಡುವ ಮೊದಲೇ, ಇಲ್ಲವೆ ಹೊರಟ ಕೂಡಲೇ, ಹೊಸದಾಗಿ ಹತ್ತಿದ ಪ್ರತಿಯೊಬ್ಬನಿಗೂ ರಕ್ಷಣೆಯ ಪಾಠವಾಗಲೇಬೇಕು. ಏಳು ಸಲ ಗಿಡ್ಡವಾಗಿ, ಒಂದು ಸಲ ಉದ್ದವಾಗಿ ಸಿಳ್ಳು ಕೂಗಿತೆಂದರೆ ಅದು ಆಪತ್ತಿನ ಕರೆ. ಎಲ್ಲರೂ ತಮತಮಗೆ ಗೊತ್ತುಮಾಡಿದ ಜಾಗದಲ್ಲಿ ಸೇರಬೇಕು. ಸಿಬ್ಬಂದಿ ಹಾಜರಿ ತೆಗೆದುಕೊಳ್ಳಬೇಕು. ಮೂವತ್ತು ವರ್ಷ ಹಾಜರಿ ಕೂಗಿದ ಉಪಾಧ್ಯಾಯನಾದ ನನಗೆ ಈ ಕಟ್ಟಳೆ ಬಹಳ ಹಿಡಿಸುತ್ತದೆ. ಹೆಸರು ಕೂಗಿದಾಗ ಉತ್ತರ ಬಾರದ ಹುಡುಗ ಎಲ್ಲಿದ್ದಾನೆಂದು ವಿಚಾರಿಸುವುದರಲ್ಲಿಯೇ ಶಾಲೆಯ ಅರ್ಧ ಧರ್ಮ ಇದೆ. ಹಡಗಿನ ಧರ್ಮವೂ ಅದೇ.

ಇಷ್ಟೆಲ್ಲ ಸ್ವಯಂಪೂರ್ಣವೆಂದು ತೋರುವ ಈ ಊರು ದಡದ ಹಂಗಿಲ್ಲದೆ ಬಾಳಲಾರದು. ೨೦೨೦ರ ಫೆಬ್ರವರಿಯಲ್ಲಿ ಜಪಾನಿನ ಯೋಕೋಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ನೌಕೆಯಲ್ಲಿ ಕೋವಿಡ್ ಕಾಣಿಸಿಕೊಂಡಾಗ ೩,೭೦೦ ಜನ ಅದರೊಳಗೆ ಸೆರೆಯಾದರು. ಏಳುನೂರಕ್ಕೂ ಹೆಚ್ಚು ಜನಕ್ಕೆ ಸೋಂಕು ತಗುಲಿತು. ಅಲ್ಲಿಯೂ ನೂರಕ್ಕೆ ಮಿಕ್ಕು ಭಾರತೀಯರು ಸಿಬ್ಬಂದಿಯಾಗಿದ್ದರು. ಮರುತಿಂಗಳು ನವಮಂಗಳೂರಿಗೆ ಬಂದ ಒಂದು ವಿಹಾರನೌಕೆಯನ್ನೂ ಒಳಗೆ ಬಿಡದೆ ಹಿಂದಕ್ಕೆ ಕಳುಹಿಸಲಾಯಿತು. ಬಂದರು ಬಾಗಿಲು ಮುಚ್ಚಿದರೆ ಎಷ್ಟು ದೊಡ್ಡ ಹಡಗಾದರೂ ಮನೆಯಿಲ್ಲದ್ದೇ.

ಕೋಸ್ತಾ ನಿಯೋ ಕ್ಲಾಸಿಕಾ ಅಷ್ಟು ಹೊತ್ತಿಗೆ ನಮ್ಮ ಕಡಲನ್ನು ಬಿಟ್ಟಾಗಿತ್ತು. ೨೦೧೮ರಲ್ಲಿ ಅದು ಮಾರಾಟವಾಗಿ ಗ್ರ್ಯಾಂಡ್ ಕ್ಲಾಸಿಕಾ ಎಂಬ ಹೆಸರಿನಿಂದ ಅಮೆರಿಕದ ಫ್ಲಾರಿಡಾ ತೀರಕ್ಕೆ ಹೋಯಿತು. ೨೦೨೨ರಲ್ಲಿ ಮಾರ್ಗರಿಟಾವಿಲ್ ಅಟ್ ಸೀ ಪ್ಯಾರಡೈಸ್ ಎಂಬ ಇನ್ನೊಂದು ಹೆಸರು ಬಂದು ಬಹಾಮಾ ದ್ವೀಪಗಳ ಯಾನಕ್ಕೆ ತೊಡಗಿತು. ಒಡೆಯ ಬದಲಾದಂತೆ ಹೆಸರು ಬದಲಾಯಿತು. ಮಾರ್ಗೆರಾದಲ್ಲಿ ಬೆಸೆದ ಉಕ್ಕು ಅದೇ.

ಮುಂದೆ ಎಂದಾದರೂ ನಿಮ್ಮ ಮನೆಯವರು ಪಣಂಬೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಇಂಥ ಹಡಗನ್ನು ಹತ್ತಿದರೆ, ಮೊದಲು ಊಟದ ಮಂದಿರವನ್ನು ಹುಡುಕಬೇಡಿ. ಬಾಗಿಲ ಹಿಂಬದಿಯಲ್ಲಿ ಅಂಟಿಸಿರುವ ನಕ್ಷೆಯನ್ನು ಓದಿ, ನಿಮ್ಮ ದೋಣಿ ಯಾವ ಮಗ್ಗುಲಿನಲ್ಲಿದೆಯೆಂದು ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿಕೊಳ್ಳಿ. ಸಿಳ್ಳು ಕೂಗಿದಾಗ ಉದಾಸೀನ ಮಾಡದೆ ಹಾಜರಿ ಕೊಡಿ. ನಿಮ್ಮ ಹೆಸರನ್ನು ಕೂಗುವ ಆ ಸಿಬ್ಬಂದಿಯ ಹುಡುಗ ನಮ್ಮ ಕಡೆಯವನೇ ಇದ್ದರೂ ಇರಬಹುದು. ಅವನ ಊರು ಯಾವುದೆಂದು ಕೇಳಿ. ಬಹಳ ದಿನದಿಂದ ಕನ್ನಡ ಕೇಳದವನಿಗೆ ಅದೊಂದು ದೊಡ್ಡ ಉಪಕಾರ.